ಟರ್ಬೊ ಕಾರಿಗೊಂದು ಬೂಸ್ಟ್ ಕಂಟ್ರೋಲರ್ ಹುಡುಕಿದ್ದು

ಗದಗಿನಲ್ಲಿ ಹೆಣ್ಣುಮಗಳೊಬ್ಬಳು ಡ್ರೈವಿಂಗ್ ಸ್ಕೂಲ್ ನಡೆಸಿದರೆ ಜನ ಮೊದಲು ನಗುತ್ತಾರೆ, ಆಮೇಲೆ ಕಲಿಯಲು ಬರುತ್ತಾರೆ. ಹೀಗಾಗಿ ನನ್ನ ದಿನಗಳಲ್ಲಿ ನಗುವಿಗೆ ಎಂದೂ ಕೊರತೆಯಿಲ್ಲ.

ಸ್ಕೂಲಿನ ಕಾರಲ್ಲದೆ ನನ್ನದೇ ಅಂತ ಒಂದು ಹಳೆಯ ಟರ್ಬೊ ಪೆಟ್ರೋಲ್ ಕಾರಿದೆ. ಹೊರಗೆ ಹೋಗುವ ಹೊಗೆಯ ರಭಸಕ್ಕೆ ಒಂದು ಚಕ್ರ ತಿರುಗಿ ಎಂಜಿನ್ನಿಗೆ ಹೆಚ್ಚಿನ ಗಾಳಿ ಒತ್ತುತ್ತದಲ್ಲ, ಅದೇ ಟರ್ಬೊ. ಎಷ್ಟು ಒತ್ತಬೇಕು ಎಂಬುದನ್ನು ಹಿಡಿತದಲ್ಲಿಡುವುದು ಬೂಸ್ಟ್ ಕಂಟ್ರೋಲರ್. ಮುಂಡರಗಿ ಹತ್ತಿರ ಖಾಲಿ ಹೊಲದಲ್ಲಿ ಮಣ್ಣಿನ ಟ್ರ್ಯಾಕ್ ಮಾಡಿ ಕಾರಿನ ಸ್ಪರ್ಧೆ ಇಟ್ಟಿದ್ದಾರೆ ಅಂತ ಖಬರ ಬಂತು. ನಮ್ಮ ಓಣಿಯ ಹತ್ತಿ ವ್ಯಾಪಾರಿ ಆಗಲೇ ತಮ್ಮ ಹೊಸ ಕಾರಿನ ಹೆಸರು ಹಚ್ಚಿದ್ದರು. ನನ್ನನ್ನು ಕಂಡವರೇ, "ನೀವೂ ಬರ್ರಿ ಮೇಡಂ. ಹಿಂದಿಂದ ಬರಾಕ ಯಾರರ ಒಬ್ಬರು ಬೇಕಲ್ಲ!" ಅಂದರು.

ಆ ಮಾತು ಎದೆಗೆ ನಾಟಿತು. ಮರುದಿನದಿಂದಲೇ ಕಂಟ್ರೋಲರ್ ಹುಡುಕಲು ಶುರು ಮಾಡಿದೆ.

ಅಂದಾಜು

ನನ್ನ ಕಾರುಗಳ ರಿಪೇರಿಯೆಲ್ಲ ಲಕ್ಷ್ಮೇಶ್ವರದ ಗ್ಯಾರೇಜಿನ ಚಾಚಾ ಅವರದು. ಎಲೆಕ್ಟ್ರಾನಿಕ್ ಕಂಟ್ರೋಲರ್ ಬೇಕು ಅಂದಿದ್ದಕ್ಕೆ ಅವರಿಗೆ ಸಿಟ್ಟೇ ಬಂತು.

"ಅದ್ಯಾಕ ಬೇಟಿ? ಕೈಲೆ ತಿರುವೂದು ಐತಿ. ನನ್ನ ಕೈ ಮ್ಯಾಲೆ ನಂಬಿಗಿ ಇಲ್ಲೇನು?"

ಹಿತ್ತಾಳೆಯದೊಂದು ಸಣ್ಣ ತಿರುಪನ್ನು ಪೈಪಿನ ನಡುವೆ ಕೂಡಿಸಿ, ಕಣ್ಣು ಮುಚ್ಚಿ, ಸಿತಾರ ಶ್ರುತಿ ಮಾಡುವವರ ಹಾಗೆ ತಿರುವಿ, "ಆತು, ಹೋಗ್ರಿ" ಅಂದರು.

ಶಿರಹಟ್ಟಿ ರಸ್ತೆಯಲ್ಲಿ ಎಕ್ಸಿಲರೇಟರ್ ಒಂದಿಷ್ಟು ಒತ್ತಿದೆ. ಟರ್ಬೊ ಗಾಳಿಯ ಒತ್ತಡ ತೋರಿಸುವ ಮೀಟರಿನ ಮುಳ್ಳು ಗೆರೆ ದಾಟಿ ಹೋಯಿತು. ಎಂಜಿನ್ ತನ್ನ ಜೀವ ಉಳಿಸಿಕೊಳ್ಳಲು ಪೆಟ್ರೋಲನ್ನೇ ಬಂದ್ ಮಾಡಿತು. ಹಿಂದಿನಿಂದ ಯಾರೋ ಹಗ್ಗ ಹಾಕಿ ಜಗ್ಗಿದಂತೆ ಕಾರು ಮುಗ್ಗರಿಸಿತು. ಪಕ್ಕದಲ್ಲಿ ಗಿರ್ಮಿಟ್ ತಿನ್ನುತ್ತಿದ್ದ ನನ್ನ ಯಜಮಾನರು ಪೊಟ್ಟಣದಲ್ಲಿ ಮುಖ ಹುದುಗಿಸಿ ಕುಳಿತಿದ್ದರು. ಹುಬ್ಬಿನ ಮೇಲೂ ಉಳ್ಳಾಗಡ್ಡಿ!

ತಿರುಗಿ ಬಂದು ಕೇಳಿದೆ, "ಚಾಚಾ, ಎಷ್ಟು ತಿರುವಿದ್ರಿ?"

"ಅಂದಾಜ ಬೇಟಿ. ಚಹಾಕ್ಕ ಸಕ್ಕರಿ ಹಾಕಿದಂಗ."

ಒಳಗಿಂದ ಚಾಚಿ ಕೂಗಿದರು, "ಡಾಕ್ಟರ್ ಅವರಿಗೆ ಸಕ್ಕರಿ ಬಿಡಿಸಿ ಭಾಳ ವರ್ಷ ಆತವ್ವಾ. ಅಂದಾಜ ಎಲ್ಲಿಂದ ಉಳೀಬೇಕು?"

ದೊಡ್ಡ ಪಂಕ್ಚರ್

ಅದೇ ವಾರ ಶಿಗ್ಲಿಯಲ್ಲಿ ಟೈರಿಗೆ ಗಾಳಿ ಹಾಕಿಸಲು ನಿಂತಿದ್ದೆವು. ಎಂಜಿನ್ ಚಾಲೂ ಇತ್ತು. ಯಜಮಾನರಿಗೆ ಮಾತಾಡದೆ ಇರಲಾಗದು. "ನಮ್ಮ ಎಂಜಿನ್ನಿಗೂ ಗಾಳಿ ಹಾಕ್ತೀವ್ರಿ. ಆ ಮೀಟರ್ ಅದಕ್ಕ ಐತಿ" ಎಂದು ಬೀಗಿದರು.

ಪಂಕ್ಚರ್ ಅಂಗಡಿಯವರು ಕಿಟಕಿಯೊಳಗೆ ತಲೆ ಹಾಕಿ ಮೀಟರ್ ನೋಡಿದರು. ನಿಂತಲ್ಲೇ ಚಾಲೂ ಇರುವ ಎಂಜಿನ್ ಗಾಳಿಯನ್ನು ಒಳಗೆ ಎಳೆಯುತ್ತಿರುತ್ತದೆ. ಒತ್ತಡವೇ ಇರುವುದಿಲ್ಲ, ಮುಳ್ಳು ಸೊನ್ನೆಗಿಂತ ಕೆಳಗೆ ಬಿದ್ದಿರುತ್ತದೆ. ಅವರಿಗೇನು ಗೊತ್ತು? ಮುಖ ಸಣ್ಣದು ಮಾಡಿಕೊಂಡು, ಸತ್ತವರ ಮನೆಗೆ ಬಂದವರಂತೆ ಮೆತ್ತಗೆ ಅಂದರು:

"ಅಕ್ಕಾರ, ಸೊನ್ನಿಗಿಂತ ಕೆಳಗ ಹೋಗೇತ್ರಿ. ಇಷ್ಟ ದೊಡ್ಡ ಪಂಕ್ಚರ್ ನಾ ಹುಟ್ಟಿದಾಗಿಂದ ನೋಡಿಲ್ಲ!"

ಏಳು ಬಣ್ಣ

ಕೊನೆಗೆ ಗದಗಿನಲ್ಲೇ ಕಾರಿನ ಸಾಮಾನು ಮಾರುವ ಅಂಗಡಿಗೆ ಹೋದೆ. ಮಾರುವವರು ಥಳಥಳಿಸುವ ಕಂಟ್ರೋಲರ್ ಒಂದನ್ನು ತೆಗೆದು ಅದಕ್ಕೆ ಕರೆಂಟ್ ಕೊಟ್ಟರು. ಕೆಂಪು, ಹಸಿರು, ನೀಲಿ, ಅಂಗಡಿಯೆಲ್ಲ ಮಿಂಚಿತು.

"ಒಂದೊಂದು ಗೇರಿಗೆ ಒಂದೊಂದು ಒತ್ತಡ ಇಡಾಕ ಬರತೈತೇನ್ರಿ?"

"ಬಣ್ಣ ಏಳು ಅದಾವ್ರಿ ಮೇಡಂ."

"ಒತ್ತಡ ಮಿತಿ ದಾಟಿದ್ರ ತಾನ ಇಳಸತೈತೇನು?"

"ಬಣ್ಣ ತಾನ ಬದಲಾಗತೈತ್ರಿ."

ನನಗೆ ಮುಖ್ಯವಾಗಿ ಬೇಕಾಗಿದ್ದು ಮೂರನೆಯ ಪ್ರಶ್ನೆಗೆ ಉತ್ತರ. ವೈರ್ ಕಿತ್ತರೆ ಒತ್ತಡ ತಾನಾಗಿ ತಗ್ಗಬೇಕು. ಏರುತ್ತಾ ಹೋದರೆ ಎಂಜಿನ್ನೇ ಹೋಯಿತು. "ಓಡುವಾಗ ವೈರ್ ಕಿತ್ತು ಬಂದ್ರ ಏನ್ ಆಗತೈತ್ರಿ?"

ಅವರು ಕಂಟ್ರೋಲರನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಲೈಟ್ ಆರತೈತ್ರಿ."

ಕೆಳಗಿನ ಕಪಾಟಿನಲ್ಲಿ ದೂಳು ಹಿಡಿದು ಕೂತಿದ್ದ ಕಪ್ಪು ಪೆಟ್ಟಿಗೆಯ ಇನ್ನೊಂದು ಕಂಟ್ರೋಲರ್ ಕಂಡಿತು. ಅದರೊಳಗಿನ ಮಾಹಿತಿ ಹಾಳೆಯನ್ನು ಅಲ್ಲೇ ನಿಂತು ಓದಿದೆ. ಗೇರಿಗೊಂದು ಒತ್ತಡ ಇಡಬಹುದು, ಮಿತಿ ದಾಟಿದರೆ ತಾನೇ ಇಳಿಸುತ್ತದೆ, ವೈರ್ ಕಿತ್ತರೆ ಟರ್ಬೊದ ಸ್ಪ್ರಿಂಗ್ ತಡೆಯುವಷ್ಟಕ್ಕೇ ಒತ್ತಡ ನಿಲ್ಲುತ್ತದೆ. ಮೂರಕ್ಕೂ ಉತ್ತರ ಸಿಕ್ಕಿತು! ಅದನ್ನೇ ಕಟ್ಟಿಕೊಡಿ ಅಂದೆ.

ಅಂಗಡಿಯವರಿಗೆ ನನ್ನ ಮೇಲೆ ಕನಿಕರ ಹುಟ್ಟಿತು. ಬಾಗಿಲ ತನಕ ಬಂದು ಸಮಾಧಾನ ಮಾಡಿದರು: "ಬ್ಯಾಸರ ಮಾಡ್ಕೋಬ್ಯಾಡ್ರಿ ಮೇಡಂ. ಮನ್ಯಾಗ ಸೀರಿಯಲ್ ಲೈಟ್ ಇದ್ರ ಸುತ್ತಲೂ ಸುತ್ತರಿ, ಛಲೋ ಕಾಣತೈತಿ."

ಅತ್ತೆಯವರ ಅಂಕಿ

ಕಂಟ್ರೋಲರ್ ಕೂಡಿಸಿಕೊಟ್ಟವರು ಚಾಚಾ ಅವರೇ. ಎಂಜಿನ್ ತಡೆಯುವ ಮಿತಿ ನೋಡಿ ಒತ್ತಡವನ್ನು ಹದಿನಾಲ್ಕಕ್ಕೆ ನಿಲ್ಲಿಸಿದೆವು.

ಸ್ಪರ್ಧೆಯ ದಿನ ಮುಂಡರಗಿಗೆ ಮನೆಮಂದಿಯೆಲ್ಲ ಹೋದೆವು. ಅತ್ತೆಯವರು ರೊಟ್ಟಿಬುತ್ತಿ ಕಟ್ಟಿಕೊಂಡು ಬಂದಿದ್ದರು. ಚಾಲಕರ ಜೋಡಿ ಒಬ್ಬರು ಕೂರಲೇಬೇಕು ಅಂತ ನಿಯಮ. ಯಜಮಾನರು ಕುಳಿತರು. ತಾಲೀಮಿನ ಒಂದೇ ಸುತ್ತಿಗೆ ಇಳಿದು ಬಾಯಿ ಮುಚ್ಚಿಕೊಂಡು ಬದುವಿನ ಕಡೆ ಓಡಿದವರು ಮತ್ತೆ ಕಾರಿನ ಹತ್ತಿರ ಸುಳಿಯಲಿಲ್ಲ. ಹತ್ತಿ ವ್ಯಾಪಾರಿ ಬಂದು, "ಇರಲಿ ಬಿಡ್ರಿ ಮೇಡಂ, ಮುಂದಿನ ಸಲ ನೋಡೂಣಂತ" ಅಂದರು.

ಅತ್ತೆಯವರು ಸೆರಗು ಸೊಂಟಕ್ಕೆ ಸಿಗಿಸಿದರು. "ಮುಂದಿನ ಸಲ ಯಾಕ? ನಾ ಕುಂಡ್ರತೀನಿ, ನಡಿಯವ್ವಾ."

ತುರುಬಿನ ಮೇಲೆ ಹೆಲ್ಮೆಟ್ ಇಳಿಯಲೊಲ್ಲದು. ತುರುಬು ಬಿಚ್ಚುತ್ತಾ ಎಚ್ಚರಿಕೆ ಕೊಟ್ಟರು, "ಇಷ್ಟು ಮಂದ್ಯಾಗ ಕೂದಲಾ ಬಿಚ್ಚಿಸೀದಿ. ಗೆಲ್ಲದ ಬಂದ್ರ ನೋಡ ಮತ್ತ!"

ಮಣ್ಣಿನ ಮೇಲಿಂದ ನಾನು ಕಣ್ಣು ತೆಗೆಯುವಂತಿರಲಿಲ್ಲ. "ಅತ್ತೀ, ಈ ಡಬ್ಬ್ಯಾಗ ಬರೋ ಅಂಕಿ ನೋಡಿ ಜೋರಾಗಿ ಕೂಗರಿ. ಹದಿನಾಲ್ಕರ ಮ್ಯಾಲೆ ಹೋಗಬಾರದು. ಹೋದ್ರ ನಾ ಕಾಲು ತಗೀತೀನಿ" ಅಂದೆ.

"ಆತು."

ಬಾವುಟ ಬಿತ್ತು. ಅತ್ತೆಯವರ ದನಿ ಎಂಜಿನ್ ಸದ್ದನ್ನೂ ಮೀರಿತು. "ಹತ್ತು! ಹನ್ನೆರಡು! ಹದಿಮೂರು! ಹದಿನಾಲ್ಕು!" ತಿರುವಿನಲ್ಲಿ ಮತ್ತೆ, "ಹತ್ತು! ಹದಿನಾಲ್ಕು!" ಒಮ್ಮೆಯೂ ಹದಿನೈದು ಅನ್ನಲಿಲ್ಲ. ಆ ಧೈರ್ಯದ ಮೇಲೆ ನಾನು ಕಾಲು ಎತ್ತಲೇ ಇಲ್ಲ. ಕಾರು ಎಲ್ಲೂ ಮುಗ್ಗರಿಸಲಿಲ್ಲ, ಕಪ್ಪು ಮಣ್ಣನ್ನು ಮುಗಿಲಿಗೆ ತೂರುತ್ತಾ ಹಾರಿತು.

ಮೈಕಿನಲ್ಲಿ ಮೊದಲ ಸ್ಥಾನಕ್ಕೆ ನನ್ನ ಹೆಸರು ಕೂಗಿದರು. ಹತ್ತಿ ವ್ಯಾಪಾರಿ ದೊಡ್ಡ ಮನಸ್ಸಿನವರು, ತಾವೇ ಬಂದು ಹಾರ ಹಾಕಿದರು. ಅತ್ತೆಯವರಿಗೂ ಒಂದು ಹಾಕಿ, "ಅಮ್ಮಾರ, ಅಷ್ಟು ಜೋರಿನ್ಯಾಗ ಒಂದೊಂದು ಅಂಕಿ ಹ್ಯಾಂಗ ನೋಡಿದ್ರಿ? ಅಂಜಿಕಿ ಬರಲಿಲ್ಲೇನು?" ಎಂದು ಕೇಳಿದರು.

"ಯಾರ ನೋಡ್ಯಾರ? ಗಾಡಿ ಹೊಂಟ ಕೂಡ್ಲೆ ಕಣ್ಣ ಮುಚ್ಚಿದಾಕಿ, ನಿಂತ ಮ್ಯಾಲೆ ತಗದೀನಿ!"

ನಾನು ಅವರ ಕಡೆ ತಿರುಗಿದೆ. "ಅತ್ತೀ, ಮತ್ತ ಹತ್ತು, ಹನ್ನೆರಡು, ಹದಿನಾಲ್ಕು ಅಂತ ಕೂಗಿದ್ರಲ್ಲ?"

ಅವರು ಹಾರ ಸರಿ ಮಾಡಿಕೊಳ್ಳುತ್ತಾ ಅಂದರು, "ಹದಿನಾಲ್ಕರ ಮ್ಯಾಲೆ ಹೋಗಬಾರದು ಅಂತ ನೀನ ಹೇಳಿದ್ದೆಲ್ಲ. ಅದಕ್ಕ ನಾ ಹೋಗಲೇ ಇಲ್ಲ!"