ಲಿಫ್ಟಣ್ಣನ ತಲೆಯೊಳಗಿನ ದೀಪ

ಆ ದಿನದ ರಾದ್ಧಾಂತಕ್ಕೆಲ್ಲ ಮೂಲ ಒಂದು ಆಕಳಿಕೆ.

ಅದೂ ಅಂಥಿಂಥ ಆಕಳಿಕೆಯಲ್ಲ. ಐದು ಮಹಡಿಯ ಆ ಹಳೆಯ ಕಚೇರಿ ಕಟ್ಟಡದಲ್ಲಿ ಹದಿನೆಂಟು ವರ್ಷದಿಂದ ಲಿಫ್ಟು ನಡೆಸುತ್ತಿದ್ದ ಲಿಫ್ಟಣ್ಣ, ದೊಡ್ಡ ಕಚೇರಿಯಿಂದ ತಪಾಸಣೆಗೆ ಬಂದ ನಿರ್ದೇಶಕರನ್ನು ಬೆಳಿಗ್ಗೆ ಹತ್ತಿಸಿಕೊಂಡು, ಬಾಗಿಲೆಳೆದು, ಕೋಟೆಯ ಹೆಬ್ಬಾಗಿಲು ತೆರೆದ ಹಾಗೆ ಬಾಯಿ ತೆರೆದ. ಎರಡನೇ ಮಹಡಿಯ ಹೊತ್ತಿಗೆ ಆಕಳಿಕೆ ಪಕ್ಕದಲ್ಲಿದ್ದ ಮ್ಯಾನೇಜರಿಗೆ ದಾಟಿತು. ನಾಲ್ಕನೆಯದರಲ್ಲಿ ನಿರ್ದೇಶಕರಿಗೆ ಅಂಟಿತು. ಐದನೆಯದರಲ್ಲಿ ಇಳಿದ ನಿರ್ದೇಶಕರು ಸಭೆಯಲ್ಲಿ ಕೂತು, ಮ್ಯಾನೇಜರು ಹದಿನೈದು ದಿನ ಬೆವರು ಸುರಿಸಿ ಬರೆದ ವರದಿಯನ್ನು ಓದುತ್ತಿದ್ದರೆ ಕಣ್ಣಲ್ಲಿ ನೀರು ಬರುವಷ್ಟು ಆಕಳಿಸಿ, ಮೂರನೇ ಪುಟಕ್ಕೆ ಕುರ್ಚಿಯಲ್ಲೇ ಒರಗಿಬಿಟ್ಟರು.

ಮ್ಯಾನೇಜರು ದಡದಡ ಮೆಟ್ಟಿಲಿಳಿದು ಬಂದರು. ಲಿಫ್ಟಿನೊಳಗೆ ಸ್ಟೂಲಿನ ಮೇಲೆ ಲಿಫ್ಟಣ್ಣ ಗೋಡೆಗೆ ತಲೆಯಾನಿಸಿ ನಿದ್ದೆ ಹೋಗಿದ್ದ. ಆ ಲಿಫ್ಟಿನ ಗುಣವೇ ಹಾಗೆ. ಮೆಲ್ಲಗೆ ಏರುವುದು, ಮೆಲ್ಲಗೆ ಇಳಿಯುವುದು, ನಡುನಡುವೆ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡವಳು ಕಾಲು ಅಲುಗಿಸಿದ ಹಾಗೆ ಒಂದು ತೂಗು. ಹದಿನೆಂಟು ವರ್ಷ ಅದರಲ್ಲಿ ಕೂತವರು ಎದ್ದಿದ್ದರೇ ಆಶ್ಚರ್ಯ.

“ಏನಯ್ಯಾ ಇದು! ರೋಗವೋ, ಸೋಮಾರಿತನವೋ?”

ಲಿಫ್ಟಣ್ಣ ಧಡಕ್ಕನೆ ಎದ್ದು, “ಎಷ್ಟನೇ ಮಹಡಿ ಸಾರ್?” ಎಂದ.

ಮ್ಯಾನೇಜರು ಬಾಯಿಮಾತು ನಂಬುವವರಲ್ಲ. ಕಾಗದದಲ್ಲಿ ಬರೆದು ಮೊಹರು ಒತ್ತಿದ್ದರೆ ಮಟಮಟ ಮಧ್ಯಾಹ್ನವನ್ನೂ ಬೆಳದಿಂಗಳೆಂದು ಒಪ್ಪುವವರು. “ರೋಗವಾಗಿದ್ರೆ ಇವತ್ತು ಸಂಜೆಯೊಳಗೆ ಡಾಕ್ಟರ ಕಾಗದ ತಂದುಕೊಡು. ಇಲ್ದಿದ್ರೆ ನಾಳೆಯಿಂದ ಗುಂಡಿ ಅವರವರೇ ಒತ್ಕೋತಾರೆ. ನೀನು ಮನೇಲಿ ಹಾಯಾಗಿ ಮಲಗು” ಎಂದು ಹೇಳಿ, ಲಿಫ್ಟು ಹತ್ತದೆ ಮೆಟ್ಟಿಲನ್ನೇ ಹತ್ತಿ ಹೋದರು.

ಲಿಫ್ಟಣ್ಣ ತನ್ನ ಬಲಗೈ ತೋರುಬೆರಳನ್ನು ನೋಡಿಕೊಂಡ. ಅದಕ್ಕೆ ಬೇರೆ ಯಾವ ಕೆಲಸವೂ ಗೊತ್ತಿರಲಿಲ್ಲ.

ಸುದ್ದಿ ಲಿಫ್ಟಿಲ್ಲದೆಯೇ ಐದೂ ಮಹಡಿಗೆ ಏರಿತು. ಮೊದಲು ಇಳಿದು ಬಂದವನು ಕ್ಯಾಂಟೀನಿನ ಮಾವ. ಯಾರಿಗೂ ಮಾವನಲ್ಲ, ಎಲ್ಲರಿಗೂ ಬುದ್ಧಿ ಹೇಳುವುದರಿಂದ ಆ ಹೆಸರು.

“ರೋಗ ಬೇಕು ಅಂದ್ರೆ ನಾಲ್ಕು ಕಡೆ ವಿಚಾರಿಸಿ ಒಳ್ಳೇದು ಆರಿಸ್ಕೋ. ಕೆಮ್ಮು ಬೇಡ, ಕಟ್ಟಡದಿಂದ ಆಚೆ ಹಾಕ್ತಾರೆ. ಹೃದಯ ಬೇಡ, ಮೆಟ್ಟಿಲು ಹತ್ತಿಸಿ ನೋಡ್ತಾರೆ.”

ಮೂರನೇ ಮಹಡಿಯ ಟೈಪಿಸ್ಟಕ್ಕ ಅವನನ್ನು ಪಕ್ಕಕ್ಕೆ ತಳ್ಳಿದಳು. “ಸುಮ್ನಿರಿ ಮಾವ. ತಮ್ಮಾ, ನನ್ನ ತಂಗಿ ಮಗಳು ಆಸ್ಪತ್ರೆಯಲ್ಲಿ ಡಾಕ್ಟರು. ಎಂಆರ್‌ಐ ಯಂತ್ರದಲ್ಲಿ ಜನರನ್ನ ಮಲಗಿಸಿ ಮೆದುಳಿನ ಚಿತ್ರ ತೆಗೆದು ಸಂಶೋಧನೆ ಮಾಡ್ತಾಳೆ. ಇವತ್ತು ಬರಬೇಕಾಗಿದ್ದವನು ಕೈಕೊಟ್ಟಿದ್ದಾನಂತೆ, ಬೆಳಿಗ್ಗೆಯಿಂದ ಒಬ್ಬ ಮನುಷ್ಯನಿಗಾಗಿ ಒದ್ದಾಡ್ತಿದ್ದಾಳೆ. ನೀನು ಹೋಗಿ ಮಲಗು. ಆಮೇಲೆ ಒಂದು ಕಾಗದ ಬರೆದುಕೊಡು ಅಂತ ನಾನು ಹೇಳ್ತೀನಿ.”

ಲಿಫ್ಟಣ್ಣ ಹೆಂಡತಿಗೆ ಫೋನು ಮಾಡಿದ.

“ಮೆದುಳಿನ ಚಿತ್ರಾನಾ?” ಎಂದಳು ಅವಳು. “ನಾನು ಇಷ್ಟು ವರ್ಷ ಹೇಳಿದ ಮಾತೆಲ್ಲ ಅದರೊಳಗೆ ಎಲ್ಲಿ ಬಿದ್ದಿದೆ ಅಂತ ಕಾಣುತ್ತಾ ಕೇಳಿ. ಒಂದು ಪ್ರತಿ ನನಗೂ ಬೇಕು.”

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ತಣ್ಣನೆಯ ಒಂದು ಕೋಣೆ. ತಂಗಿ ಮಗಳು ಡಾಕ್ಟರು ಕಡ್ಡಿಯಂಥ ಹುಡುಗಿ. ಮಾತು ಮಾತ್ರ ಮಳೆನೀರಿನ ಹಾಗೆ. ಒಪ್ಪಿಗೆ ಪತ್ರಕ್ಕೆ ರುಜು ಹಾಕಿಸಿಕೊಳ್ಳುವ ಮುಂಚೆ ಎಲ್ಲವನ್ನೂ ಬಿಡಿಸಿ ಹೇಳಿದಳು. “ಇದು ರೋಗ ಹುಡುಕೋಕೆ ತೆಗೆಯೋ ಚಿತ್ರ ಅಲ್ಲ, ನಾವು ಕಲಿಯೋಕೆ ತೆಗೆಯೋದು. ಕೆಲಸ ಮಾಡುವಾಗ ಮೆದುಳಿನ ಯಾವ ಭಾಗಕ್ಕೆ ರಕ್ತ ಹೆಚ್ಚು ಹರಿಯುತ್ತೆ ಅಂತ ನೋಡ್ತೀವಿ. ಆದ್ರೂ ದೊಡ್ಡ ಡಾಕ್ಟರು ಒಂದು ಸಲ ಕಣ್ಣಾಡಿಸ್ತಾರೆ, ರೋಗ ಇದ್ರೆ ಹೇಳ್ತಾರೆ.”

“ಸಣ್ಣದಿದ್ರೂ ಹೇಳ್ತಾರಾ?” ಎಂದು ಲಿಫ್ಟಣ್ಣ ಆಸೆಯಿಂದ ಕೇಳಿದ.

ಯಂತ್ರದೊಳಗೆ ದೊಡ್ಡ ಅಯಸ್ಕಾಂತ. ಅದಕ್ಕೇ ಅದನ್ನು ನಡೆಸುವ ಗಟ್ಟಿಗಿತ್ತಿ ಹೆಂಗಸು ಅವನಿಂದ ಬೆಲ್ಟು, ಗಡಿಯಾರ, ಬೀಗದ ಕೈ, ಕೊನೆಗೆ ಒಂದು ಪಿನ್ನಿನಿಂದ ನಿಂತಿದ್ದ ಪ್ಯಾಂಟನ್ನೂ ಬಿಡಿಸಿ ಆಸ್ಪತ್ರೆಯ ಅಂಗಿ ತೊಡಿಸಿದಳು. ಕಿವಿಗೆ ಹೆಡ್‌ಫೋನು, ಕೈಗೆ ಎರಡು ಗುಂಡಿಯ ಒಂದು ಪೆಟ್ಟಿಗೆ.

“ಮೇಲು ಸ್ವರ ಕೇಳಿದ್ರೆ ಮೇಲಿನ ಗುಂಡಿ, ಕೆಳಸ್ವರಕ್ಕೆ ಕೆಳಗಿನದು. ಒಟ್ಟು ಎಂಬತ್ತು ಸಲ. ಅಲುಗಾಡಬಾರದು. ನಿದ್ದೆ ಅಂತೂ ಮಾಡ್ಲೇಬಾರದು!”

ಮೊದಲ ನಲವತ್ತು ಲಿಫ್ಟಣ್ಣನ ಜೀವ ತಿಂದವು. ಮೂಗು ತುರಿಸಿತು. ಯಂತ್ರ ಟಕಟಕ ಎಂದು ಯಾರೋ ಬಾಡಿಗೆ ಕೇಳಲು ಬಂದವರ ಹಾಗೆ ಬಾಗಿಲು ಬಡಿಯಿತು. ಮೇಲು ಸ್ವರ ಬಂದರೆ ‘ಇದು ಮೇಲೋ, ಮೇಲಿನ ಹಾಗಿರೋ ಕೆಳಗೋ’ ಎಂದು ಯೋಚಿಸಿ, ಯೋಚಿಸಿ, ತಪ್ಪು ಗುಂಡಿ ಒತ್ತಿದ. ಸಂಜೆ, ಕಾಗದ, ನಾಳೆ ಎಂದು ನೆನೆದಷ್ಟೂ ಬೆರಳು ತಡವರಿಸಿತು.

ಆಮೇಲೆ ಯಂತ್ರ ಸದ್ದು ಬದಲಿಸಿ, ಮೆತ್ತಗೆ ಗುನುಗತೊಡಗಿತು. ಕೆಳಗಿನ ಹಾಸಿಗೆ ಒಂದಿಷ್ಟು ತೂಗಿತು.

ಲಿಫ್ಟು ಹೊರಟಿತು. ಐದನೇ ಮಹಡಿಯಲ್ಲಿ ನಿಲ್ಲಲಿಲ್ಲ. ಆರನೆಯದರಲ್ಲಿ ಬಾಗಿಲು ತೆರೆದರೆ ಅಲ್ಲೆಲ್ಲ ಬೆಳಗಿನ ಮಂಜು, ಮಂಜಿನೊಳಗೆ ಒಂದು ಬಿಳಿ ಕುದುರೆ. “ಮೇಲೆ” ಎಂದಿತು. ಒತ್ತಿದ. ಏಳನೆಯದರಲ್ಲಿ ಒಂದು ನದಿ ಕಾಯುತ್ತ ನಿಂತಿತ್ತು, ನೆರಿಗೆ ಎತ್ತಿ ಹಿಡಿದ ಹೆಂಗಸಿನ ಹಾಗೆ. “ಕೆಳಗೆ” ಎಂದಿತು, ನದಿ ಮತ್ತೇನು ಕೇಳೀತು! ಒತ್ತಿದ. ಗೋಡೆಗಳು ತೆಳುವಾಗುತ್ತ ಬಂದು ಆಚೆ ನಕ್ಷತ್ರಗಳು ತೋರಿದವು. ಇನ್ನೂ ಮೇಲೊಂದು ಮಹಡಿಯಲ್ಲಿ, ಇಪ್ಪತ್ತು ವರ್ಷದ ಹಿಂದೆ ತೀರಿಹೋದ ಅವ್ವ ಒಗೆದ ಬಟ್ಟೆಯ ಬುಟ್ಟಿ ಸೊಂಟಕ್ಕಿಟ್ಟು ಹತ್ತಿದಳು. “ಚೆನ್ನಾಗಿ ಊಟ ಮಾಡ್ತಿದ್ದೀಯೇನೋ?” ಎಂದಳು. “ಹೂಂ ಅವ್ವ. ಎಷ್ಟನೆಯದು?” “ಬಿಸಿಲಿರೋದು.” ಯಾವ ಗುಂಡಿ ಎಂದು ಬೆರಳಿಗೆ ತಾನೇ ಗೊತ್ತಾಯಿತು.

“ರೀ! ಏಳ್ರೀ! ಗೊರಕೆಗೆ ಚಿತ್ರ ಅಲುಗಾಡ್ತಿದೆ!” ಎಂದಳು ಗಟ್ಟಿಗಿತ್ತಿ.

ಲಿಫ್ಟಣ್ಣ ಹೊರಬಂದವನೇ ಕೈಮುಗಿದ. “ಮಲಗಿಬಿಟ್ಟೆ ತಾಯಿ. ನಿಮ್ಮ ಕೆಲಸ ಕೆಡಿಸಿದೆ.”

ತಂಗಿ ಮಗಳು ಡಾಕ್ಟರಿಗೆ ಅವನ ಮಾತೇ ಕೇಳಲಿಲ್ಲ. ಪರದೆಯ ಮುಂದೆ ಕುಣಿಯುತ್ತಿದ್ದಳು. “ಇಲ್ಲಿ ನೋಡಿ, ಇದು ನೀವು ಎಚ್ಚರವಿದ್ದಾಗಿನ ಮೆದುಳು. ಎಲ್ಲ ಕೋಣೆಯಲ್ಲೂ ದೀಪ, ಎಲ್ಲ ಕಡೆ ಗಲಾಟೆ. ಇದು ನಿದ್ದೆ. ಮನೆಯೆಲ್ಲ ಕತ್ತಲೆ, ಬೆರಳಾಡಿಸೋ ಈ ಮೂಲೆಯೊಂದರಲ್ಲಿ ಮಾತ್ರ ಉರೀತಾ ಇದೆ! ಎಚ್ಚರದಲ್ಲಿ ನಲವತ್ತಕ್ಕೆ ಹನ್ನೊಂದು ತಪ್ಪು. ನಿದ್ದೆಯಲ್ಲಿ ನಲವತ್ತಕ್ಕೆ ನಲವತ್ತೂ ಸರಿ! ಇಂಥ ಚಿತ್ರ ನಾನು ನೋಡೇ ಇಲ್ಲ!”

“ರೋಗ?”

“ದೊಡ್ಡ ಡಾಕ್ಟರು ನೋಡಿದ್ರು. ಒಂದೂ ಇಲ್ಲ.”

ಲಿಫ್ಟಣ್ಣನ ಮುಖ ಬಾಡಿತು. ಆದರೆ ಅವಳು ಸಂಭ್ರಮದಲ್ಲಿ, ಕಂಡದ್ದನ್ನು ಕಂಡ ಹಾಗೆ ಒಂದು ಪುಟ ಬರೆದು, ರುಜು ಹಾಕಿ, ಮೊಹರು ಒತ್ತಿ, ಚಿತ್ರವನ್ನೂ ಲಗತ್ತಿಸಿ ಕೊಟ್ಟಳು.

ನಾಲ್ಕು ಗಂಟೆಗೆ ಮ್ಯಾನೇಜರು ಕಾಗದವನ್ನು ಎರಡು ಸಲ ಓದಿದರು. ಮೊಹರನ್ನು ಬೆಳಕಿಗೆ ಹಿಡಿದರು. ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿದರು. ಲಿಫ್ಟಣ್ಣ ಮೇಜಿನ ಹತ್ತಿರ ಸರಿದ.

“ಕೆಲಸ ಇದೆಯಾ ಸಾರ್?”

“ಇದೆ, ಇದೆ! ನನ್ನದೇ ತಪ್ಪು ಕಣಯ್ಯ. ಅಂಕಿಸಂಖ್ಯೆ ಸಮೇತ ಬರೆದಿದ್ದಾರೆ. ಎಚ್ಚರವಿದ್ರೆ ನೂರಕ್ಕೆ ಇಪ್ಪತ್ತೇಳು ಜನ ತಪ್ಪು ಮಹಡಿಗೆ ಹೋಗ್ತಾರೆ. ನಿದ್ದೆ ಮಾಡಿದ್ರೆ ಒಬ್ಬರೂ ಇಲ್ಲ. ನಿರ್ದೇಶಕರಿಗೂ ತೋರಿಸ್ತೀನಿ. ಮುಕ್ಕಾಲು ಗಂಟೇಲಿ ಅವರು ಕೆಳಗೆ ಇಳೀತಾರೆ. ಹೋಗು, ಹೋಗಿ ಚೆನ್ನಾಗಿ ಮಲಗಿರು.”

ಲಿಫ್ಟಣ್ಣ ಗಾಳಿಯಲ್ಲಿ ತೇಲುತ್ತ ಬಂದು ಸ್ಟೂಲಿನ ಮೇಲೆ ಕೂತ. ಕಣ್ಣು ಮುಚ್ಚಿದ. ತೆರೆದ. ಮತ್ತೆ ಮುಚ್ಚಿದ. ಹದಿನೆಂಟು ವರ್ಷ ಕರೆಯದೆ ಬರುತ್ತಿದ್ದ ನಿದ್ದೆ, ಕರೆದಾಗ ಬಿಗುಮಾನ ತೋರಿಸಿತು.

ಬಾಗಿಲಲ್ಲಿ ಜನ ಸೇರಿದರು. ಕ್ಯಾಂಟೀನಿನ ಮಾವ ಬಿಸಿ ಹಾಲು ತಂದ. ಟೈಪಿಸ್ಟಕ್ಕ ತನ್ನ ಕುರ್ಚಿಯ ದಿಂಬನ್ನು ಬೆನ್ನಿಗೆ ಕೊಟ್ಟು, ಎಲ್ಲರಿಗೂ “ಉಶ್!” ಎಂದಳು. ಆ ‘ಉಶ್’ ಎರಡನೇ ಮಹಡಿಗೆ ಕೇಳಿಸಿತು.

“ಬಂತಾ?” ಎಂದ ಮಾವ.

“ಬರ್ತಾ ಇತ್ತು. ನೀವು ಕೇಳಿದ್ರಿ, ಹೋಯ್ತು.”

“ಏನಾದ್ರೂ ಬೇಜಾರಿನ ವಿಷಯ ನೆನೆಸ್ಕೋ.”

“ನಿಮ್ಮನ್ನೇ ನೆನೆಸ್ಕೊಳ್ತಾ ಇದ್ದೀನಿ ಮಾವ. ಸಿಟ್ಟು ಬರುತ್ತೆ, ನಿದ್ದೆ ಬರಲ್ಲ.”

ಐದಕ್ಕೆ ಕಾಲು ಗಂಟೆ ಇದ್ದಾಗ ಐದನೇ ಮಹಡಿಯಲ್ಲಿ ನಿರ್ದೇಶಕರು ಹತ್ತಿದರು, ಕೈಯಲ್ಲಿ ಆಸ್ಪತ್ರೆಯ ಕಾಗದ. ಹಿಂದೆ ಮ್ಯಾನೇಜರು, ತುದಿಗಾಲಲ್ಲಿ. ಲಿಫ್ಟಣ್ಣ ಕಣ್ಣು ಬಿಗಿಯಾಗಿ ಮುಚ್ಚಿ, ನಾಟಕಕ್ಕೆಂದು ಒಂದು ಗೊರಕೆಯನ್ನೂ ಹೊಡೆದ. ಎದೆ ಮಾತ್ರ ಯಂತ್ರದ ಹಾಗೆ ಟಕಟಕ ಎನ್ನುತ್ತಿತ್ತು.

“ಕೆಳಗೆ” ಎಂದು ನಿರ್ದೇಶಕರು ಪಿಸುಗುಟ್ಟಿದರು, ಮಗು ಎದ್ದೀತೆಂಬ ಹಾಗೆ.

ಕೆಳಗಿನದು ಎಡದಿಂದ ಮೊದಲನೆಯದೋ, ಬಲದಿಂದಲೋ? ಲಿಫ್ಟಣ್ಣ ಯೋಚಿಸಿದ. ಯೋಚಿಸಿ ಒತ್ತಿದ. ಲಿಫ್ಟು ಮೇಲಕ್ಕೇರಿ ತಾರಸಿಯಲ್ಲಿ ಬಾಗಿಲು ತೆರೆಯಿತು. ನೀರಿನ ತೊಟ್ಟಿಯ ಮೇಲೆ ಕೂತಿದ್ದ ಎರಡು ಪಾರಿವಾಳ ನಿರ್ದೇಶಕರನ್ನು ನೋಡಿದವು.

ನಿರ್ದೇಶಕರು ಕಾಗದವನ್ನೂ ಲಿಫ್ಟಣ್ಣನ ಅದುರುತ್ತಿದ್ದ ರೆಪ್ಪೆಯನ್ನೂ ನೋಡಿದರು. ಮ್ಯಾನೇಜರ ಕಡೆ ತಿರುಗಿ, “ಈ ಮನುಷ್ಯ ಎದ್ದಿದ್ದಾನೆ!” ಎಂದರು.

ಹತ್ತು ನಿಮಿಷದಲ್ಲಿ ಟೈಪಿಸ್ಟಕ್ಕನೇ ಮೂಗೊರೆಸಿಕೊಳ್ಳುತ್ತ ನೋಟೀಸು ಟೈಪು ಮಾಡಿದಳು: ‘ಕೆಲಸದ ವೇಳೆಯಲ್ಲಿ, ಮೇಲಧಿಕಾರಿಗಳ ಸಮ್ಮುಖದಲ್ಲಿ, ತಾವು ಎಚ್ಚರವಾಗಿದ್ದುದು ಕಂಡುಬಂದಿದೆ. ತಮ್ಮನ್ನು ಏಕೆ ಕೆಲಸದಿಂದ ತೆಗೆಯಬಾರದು ಎಂಬುದಕ್ಕೆ ನಾಳೆ ಬೆಳಿಗ್ಗೆಯೊಳಗೆ ಉತ್ತರ ಕೊಡತಕ್ಕದ್ದು.’

ಲಿಫ್ಟಣ್ಣ ಸ್ಟೂಲಿನ ಮೇಲೆ ಕೂತು ಓದತೊಡಗಿದ. ಎರಡನೇ ಸಾಲಿಗೆ ಅಕ್ಷರಗಳು ಮಂಜಾದವು, ಮಂಜಿನೊಳಗಿಂದ ಬಿಳಿಯದೊಂದೇನೋ ನಡೆದು ಬಂತು, ಕತ್ತು ಗೋಡೆಗೆ ವಾಲಿತು. ಎಂಥ ಸೊಗಸಾದ ನಿದ್ದೆ!

ಆದರೆ ಗಂಟೆ ಐದು ಹೊಡೆದಾಗಿತ್ತು. ನೋಡುವವರೆಲ್ಲ ಮೆಟ್ಟಿಲಿಳಿದು ಮನೆಗೆ ಹೋಗಿದ್ದರು.