ಗಿರಿಜಮ್ಮನವರ ಖಾತೆ ನಿಲ್ಲಿಸಿದ್ದು

ಪರದೆಯ ಮೇಲೆ ಎರಡು ಗುಂಡಿಗಳಿದ್ದವು. ಒಂದರ ಬದಲು ಇನ್ನೊಂದನ್ನು ಒತ್ತಿಬಿಡಬಹುದಿತ್ತು. ಸಾವಿರಾರು ಗಿರಾಕಿಗಳ ಪಟ್ಟಿ ಕಣ್ಣು ಮಿಟುಕಿಸುವುದರೊಳಗೆ ಅಳಿಸಿಹೋಗಬಹುದಿತ್ತು. ಅಥವಾ ಎದುರಂಗಡಿಯವರ ಕೈ ಸೇರಬಹುದಿತ್ತು. ಒಂದೇ ಮೆಸೇಜು ಯಗಟಿಯ ಬಸಪ್ಪನವರಿಗೆ ನಲವತ್ತು ಸಲ ಹೋಗಿ, ಅವರು ಕುರಿಗಳನ್ನು ಬಿಟ್ಟು ಕೋಲಿನ ಸಮೇತ ಕಡೂರಿನ ಬಸ್ಸು ಹತ್ತಬಹುದಿತ್ತು. ಗಿರಿಜಮ್ಮನವರ ಖಾತೆಯ ಬದಲು ನಾನು ನನ್ನದನ್ನೇ ಬಂದ್ ಮಾಡಿಕೊಳ್ಳಬಹುದಿತ್ತು. ಮನೆಗೆ ಬೀಗ ಹಾಕಿ ಮೂರು ಸಲ ಎಳೆದು ನೋಡಿ, ಬಸ್‌ಸ್ಟ್ಯಾಂಡಿನಿಂದ ಹಿಂದಿರುಗಿ ನಾಲ್ಕನೆಯ ಸಲ ಎಳೆಯುವವರ ಪೈಕಿ ನಾನು. ಇಂಥವನ ಕೈಗೆ ಯಜಮಾನರು ಈ ಕೆಲಸ ಕೊಟ್ಟರು.

ನಮ್ಮದು ಪಂಪು, ಪೈಪುಗಳ ವ್ಯಾಪಾರ. ಕಡೂರಿನಲ್ಲಿ ದೊಡ್ಡಂಗಡಿ, ತರೀಕೆರೆ ಮತ್ತು ಅಜ್ಜಂಪುರದಲ್ಲಿ ಒಂದೊಂದು ಚಿಕ್ಕದು. ಗಿರಾಕಿಗಳಿಗೆ ಮೆಸೇಜು ಕಳಿಸುವ ಸಾಫ್ಟ್‌ವೇರು ಬಂದ ದಿನದಿಂದ ಅದನ್ನು ಸಾಕಿದವರು ಗಿರಿಜಮ್ಮ. ಬರೀ ಹೆಸರು, ನಂಬರು ತುಂಬಿ ಸುಮ್ಮನಾದವರಲ್ಲ. ಪ್ರತಿಯೊಬ್ಬರ ಮುಂದೆಯೂ ಒಂದು ಟಿಪ್ಪಣಿ ಬರೆದಿದ್ದರು. ‘ಲಿಂಗದಹಳ್ಳಿಯವರು. ಮೊದಲು ಮಂಡಿನೋವು ವಿಚಾರಿಸಿ, ಆಮೇಲೆ ಮೋಟರು.’ ‘ಸಖರಾಯಪಟ್ಟಣ. ಫೋನ್ ಇವರದು, ತೀರ್ಮಾನ ಹೆಂಡತಿಯದು.’ ನಮ್ಮ ಅಂಗಡಿಯ ನಿಜವಾದ ಆಸ್ತಿ ಗೋಡೌನಿನಲ್ಲಿರಲಿಲ್ಲ, ಇಲ್ಲಿತ್ತು. ಗಿರಿಜಮ್ಮನವರಿಗೆ ಈಗ ಹುಟ್ಟೂರು ಅಜ್ಜಂಪುರದ ಶಾಲೆಯೊಂದರ ಆಫೀಸಿನಲ್ಲಿ ಕೆಲಸ ಸಿಕ್ಕಿತ್ತು. ಅವರ ಖಾತೆಯನ್ನು ನಿಲ್ಲಿಸಬೇಕು, ಅಳಿಸಬಾರದು. ಅಳಿಸಿದರೆ ಟಿಪ್ಪಣಿಗಳೆಲ್ಲ ಮಾಯ.

“ಅವ್ರು ಗೇಟ್ ದಾಟೋ ಮೊದ್ಲೇ ಬಂದ್ ಮಾಡ್ಬಿಡ್ರೀ. ಅದೇ ರೂಲ್ಸು,” ಎಂದರು ಯಜಮಾನರು.

ಗಿರಿಜಮ್ಮ ಟಿಫಿನ್ ಡಬ್ಬಿ ಚೀಲಕ್ಕೆ ಹಾಕಿಕೊಂಡು, “ಬತ್ತೀನಿ ಸಾರ್,” ಎಂದರು. ಅಷ್ಟೇ, ನನ್ನ ಕೈ ಕಟ್ಟಿಹೋಯಿತು. ಮನೆಯಿಂದ ಯಾರಾದರೂ ಹೊರಟರೆ ಅವರು ಊರು ಮುಟ್ಟುವವರೆಗೆ ನಮ್ಮಮ್ಮ ಕಸ ಗುಡಿಸಲು ಬಿಡುತ್ತಿರಲಿಲ್ಲ. ಚಿಕ್ಕಪ್ಪ ತರೀಕೆರೆಗೆ ಹೋದ ದಿನ ಪೊರಕೆ ಮುಟ್ಟಿದ್ದಕ್ಕೆ ನನ್ನ ಬೆನ್ನಿಗೆ ಅದೇ ಪೊರಕೆ ಬಿದ್ದಿತ್ತು. ಈಗ ಇವರು ಬಾಗಿಲು ದಾಟುವ ಮೊದಲೇ ಹೆಸರು ಗುಡಿಸುವುದೇ? ಪ್ರತಿ ಶುಕ್ರವಾರ ಅವರ ಹೆಸರಿನಲ್ಲಿ ಹೋಗುತ್ತಿದ್ದ ಮೆಸೇಜುಗಳನ್ನೆಲ್ಲ ನನ್ನ ಹೆಸರಿಗೆ ವರ್ಗಾಯಿಸಿದೆ, ಪಟ್ಟಿಯ ಪ್ರತಿ ತೆಗೆದಿಟ್ಟೆ. ಕೊನೆಯ ಗುಂಡಿಯನ್ನು ಮಾತ್ರ ಒತ್ತಲಿಲ್ಲ. ಯಜಮಾನರಿಗೆ “ಆಗ್ತಾ ಇದೆ ಸಾರ್” ಎಂದೆ.

ಬಸ್ಸು ಬೀರೂರು ದಾಟಿರಬಹುದು ಎನ್ನುವ ಹೊತ್ತಿಗೆ ಇನ್ನೊಂದು ಯೋಚನೆ ಬಂತು. ಅವರು ಕಿಟಕಿ ಪಕ್ಕ ಕೂತು ಪಟ್ಟಿಯನ್ನು ಮೊಬೈಲಿಗೆ ಇಳಿಸಿಕೊಳ್ಳುತ್ತಿದ್ದರೆ? ಇಷ್ಟು ವರ್ಷ ನನಗೆ ಉಪ್ಪಿನಕಾಯಿ ತಂದುಕೊಟ್ಟವರ ಮೇಲೆ ಇಂಥ ಅನುಮಾನ! ನಾಚಿಕೆಯಾಯಿತು. ನಾಚಿಕೆಪಡುತ್ತಲೇ ಗಡಿಯಾರವನ್ನೂ ನೋಡುತ್ತಿದ್ದೆ. ಅಷ್ಟರಲ್ಲಿ ಅವರದೇ ಫೋನು.

“ಏನ್ ಸಾರ್, ಇನ್ನೂ ಬಂದ್ ಮಾಡಿಲ್ವಾ? ನನ್ ಮೊಬೈಲಲ್ಲಿ ಇನ್ನೂ ಓಪನ್ ಆಗ್ತೈತೆ! ಬೇಗ ಮಾಡ್ರೀ, ಯಜಮಾನ್ರು ಬೈತಾರೆ.”

“ಊರು ಮುಟ್ಟಿದ್ರಾ?”

“ಈಗ ಇಳಿದೆ ಕಣ್ರೀ. ಯಾಕೆ?”

“ಏನಿಲ್ಲ,” ಎಂದು ಗುಂಡಿಯ ಹೆಸರನ್ನು ನಾಲ್ಕು ಸಲ ಓದಿ ಒತ್ತಿದೆ. ಟಿಪ್ಪಣಿಗಳು ಉಳಿದವು. ಮೂರು ದಿನ ಕಳೆದು ಶುಕ್ರವಾರದ ಮೆಸೇಜೂ ಸರಿಯಾಗಿ ಹೋಯಿತು. ಬಸಪ್ಪನವರಿಗೂ ಒಂದೇ ಒಂದು. ಜೀವನದಲ್ಲಿ ಮೊದಲ ಸಲ ಎದೆಯುಬ್ಬಿಸಿ ಚಹಾ ಕುಡಿದೆ.

ಲೋಟ ಕೆಳಗಿಡುವಷ್ಟರಲ್ಲಿ ಮತ್ತೆ ಗಿರಿಜಮ್ಮನವರ ಫೋನು. ಮಾತಿಗಿಂತ ಮೊದಲು ನಗು ಕೇಳಿಸಿತು. ಪ್ರತಿ ಮೆಸೇಜೂ ಮೊದಲು ತಮಗೇ ಬರುವಂತೆ ಅವರು ಪಟ್ಟಿಯ ತಲೆಗೆ ತಮ್ಮದೇ ನಂಬರು ಹಾಕಿಕೊಂಡಿದ್ದರು. ತಪ್ಪಿದ್ದರೆ ಹಿಡಿಯಬಹುದಲ್ಲ ಎಂದು. ಖಾತೆಯ ಗಡಿಬಿಡಿಯಲ್ಲಿ ಅದನ್ನು ತೆಗೆಯುವುದು ನನಗೆ ಮರೆತೇಹೋಗಿತ್ತು. ಅವರು ಗಟ್ಟಿಯಾಗಿ ಓದಿದರು: “‘ನಿಮ್ಮನ್ನು ನೋಡಿ ಬಹಳ ದಿನವಾಯಿತು. ನಮ್ಮನ್ನು ಮರೆತಿರಾ?’ ಕೆಳಗೆ ನಿಮ್ ಹೆಸ್ರು! ಏನ್ ಸಾರ್, ಮೂರೇ ದಿನಕ್ಕಾ?”

“ಅದು ಸಾಫ್ಟ್‌ವೇರು ಕಳಿಸಿದ್ದು ಕಣಮ್ಮ. ಈಗ್ಲೇ ನಿಮ್ ನಂಬರು ತೆಗೀತೀನಿ.”

“ಇರ್ಲಿ ಬಿಡಿ ಸಾರ್. ನಿಮ್ ತಪ್ಪು ಹಿಡಿಯೋಕೆ ಒಬ್ರು ಬೇಡ್ವಾ?”

ಬೇಕು ಎನ್ನಲು ಸಂಕೋಚವಾಗಿ, ನೋಡ್ತೀನಿ ಎಂದೆ. ಆ ನಂಬರು ಇನ್ನೂ ಅಲ್ಲೇ ಇದೆ. ಶುಕ್ರವಾರ ಬಂದರೆ, ಮೆಸೇಜು ಹೋಯಿತೇ ಎಂದು ನೋಡುವುದರ ಬದಲು ನಾನೀಗ ಫೋನಿನ ಮುಂದೆ ಕೂತಿರುತ್ತೇನೆ: ಈ ಸಲ ತಪ್ಪೇನೂ ಇಲ್ಲದೆ ಹೋದರೆ ಏನು ಗತಿ ಎಂಬ ಚಿಂತೆಯಲ್ಲಿ.