ಬಲಿತ ಕೀಬೋರ್ಡು

ನನ್ನ ಹೆಂಡತಿಯ ಅಣ್ಣ ಷಡಕ್ಷರಪ್ಪನವರಿಗೆ ಹೆಸರಿನಲ್ಲೇ ಆರು ಅಕ್ಷರಗಳಿವೆ. ಏಳನೆಯದು ಅವರ ಬಾಯಿಗೆ ಬಿದ್ದದ್ದು ಕಳೆದ ತಿಂಗಳು, ಅರಸೀಕೆರೆಯ ನಮ್ಮ ಮನೆಯಲ್ಲಿ, ಅವಲಕ್ಕಿ ಒಗ್ಗರಣೆಯ ಜೊತೆಗೆ.

ಆದದ್ದು ಇಷ್ಟೆ. ತಮ್ಮೂರು ಮಾದಿಹಳ್ಳಿಯಿಂದ ಬೆಳಗಿನ ಬಸ್ಸಿಗೆ ಬಂದಿದ್ದ ಭಾವ ನಡುಮನೆಯಲ್ಲಿ ತಟ್ಟೆ ಹಿಡಿದು ಕುಳಿತಿದ್ದರು. ಮೂರಡಿ ದೂರದಲ್ಲಿ, ಕಂಪ್ಯೂಟರಿನ ಮುಂದೆ ನಾನು. ಅವರ ತಂದೆಯವರ, ಅಂದರೆ ನನ್ನ ದಿವಂಗತ ಮಾವನವರ, ಜನ್ಮಶತಮಾನೋತ್ಸವದ ಪುಸ್ತಕವನ್ನು ಟೈಪು ಮಾಡುತ್ತಿದ್ದೆ. (ಎಂದು ನನ್ನ ಹೆಂಡತಿ ಹೇಮಾಶ್ರೀ ನಂಬಿದ್ದಳು.) ವಾಸ್ತವದಲ್ಲಿ ನಾನೊಂದು ಪಾಳು ಕೋಟೆಯೊಳಗೆ ಬಂದೂಕು ಹಿಡಿದು ಶತ್ರುಗಳ ನಡುವೆ ಸಿಕ್ಕಿಬಿದ್ದಿದ್ದೆ. ಹಿಂದೆ ಸರಿಯಬೇಕಿತ್ತು. ಈ ಆಟದಲ್ಲಿ ಹಿಂದೆ ಸರಿಯಲು 'ಎಸ್' ಅಕ್ಷರ ಒತ್ತಬೇಕು. ಒತ್ತಿದೆ. ಅದು ಕಚ್ಚಿಕೊಂಡು ಕುಳಿತಿತ್ತು. ಉಗುರು ಹಾಕಿ ಮೀಟಿದೆ. ಹದಿಮೂರು ವರ್ಷದ ಆ ಮುದಿ ಕೀ ಚಿಮ್ಮಿ, ಗಾಳಿಯಲ್ಲಿ ಒಂದು ಲಾಗ ಹಾಕಿ, ಭಾವನ ತಟ್ಟೆಯಲ್ಲಿ ಇಳಿಯಿತು. ಒಂದು ಕಾಲಕ್ಕೆ ಬೆಳ್ಳಗಿದ್ದು ಈಗ ಹಳದಿಗಟ್ಟಿದ್ದ ಅದನ್ನು ಕೊಬ್ಬರಿ ಚೂರೆಂದು ಬಗೆದು ಭಾವ ಬಾಯಿಗೆ ಹಾಕಿಕೊಂಡರು.

ಕಟಕ್!

ಮುರಿದದ್ದು ಅಕ್ಷರವಲ್ಲ. (ಅಕ್ಷರ ಎಂದರೆ ನಾಶವಿಲ್ಲದ್ದು ಎಂದೇ ಅರ್ಥ.) ಮುರಿದದ್ದು ಭಾವನ ಕಟ್ಟಿಸಿದ ಹಲ್ಲು.

"ಏನವ್ವಾ ಹೇಮಾ, ಕೊಬ್ರಿ ಈಪಾಟಿ ಗಟ್ಟಿ ಐತೆ?" ಎನ್ನುತ್ತ ಅಂಗೈಗೆ ಉಗಿದು ನೋಡಿದರು. ಅರ್ಧ ಹಲ್ಲು, ಪೂರ್ತಿ 'ಎಸ್'.

ಹೇಮಾಶ್ರೀ ಸೌಟು ಹಿಡಿದೇ ಓಡಿ ಬಂದಳು. ಅಣ್ಣನ ಅಂಗೈ ನೋಡಿದಳು, ನನ್ನ ಕೀಬೋರ್ಡಿನ ತೂತು ನೋಡಿದಳು, ಕೊನೆಗೆ ಪರದೆ ನೋಡಿದಳು. ಅಲ್ಲಿ ನನ್ನ ಹೆಣ ಅಂಗಾತ ಬಿದ್ದಿತ್ತು.

"ಯಾರ್ರೀ ಇವ್ನು, ಬಿದ್ದಿರೋನು?"

"ನಾನೇ."

"ನಮ್ಮಪ್ಪನ ಪುಸ್ತಕದಲ್ಲಿ ನೀವ್ಯಾಕ್ರೀ ಸತ್ತಿದೀರಿ?"

ನಾನು ತಟ್ಟನೆ ಪರದೆ ಆರಿಸಿದೆ.

ಮುಂದಿನ ಶನಿವಾರ ಅಣ್ಣ ತಂಗಿ ಸೇರಿ ನನ್ನನ್ನು ಊರ ಪಕ್ಕದ ಮಾಲೇಕಲ್ಲು ಬೆಟ್ಟಕ್ಕೆ ಕರೆದೊಯ್ದರು. ಮೆಟ್ಟಿಲು ಪೂರ್ತಿ ಹತ್ತಿಸಿ, ನನಗೆ ಬಾಯಿ ಬಿಟ್ಟರೆ ಉಸಿರು ಮಾತ್ರ ಬರುತ್ತಿದ್ದ ಸುಸಂದರ್ಭದಲ್ಲಿ, ವೆಂಕಟರಮಣನ ಮುಂದೆ ಆಣೆ ಮಾಡಿಸಿದರು. ಇನ್ನು ಆಟ ಆಡಕೂಡದು; ಆಡಿದರೆ ಕಂಪ್ಯೂಟರು ಮಾದಿಹಳ್ಳಿಗೆ. "ನಮ್ಮನೇಲೂ ಒಂದು ಇರ್ಲಿ ಬಿಡವ್ವಾ. ಮೂಲೆ ಖಾಲಿ ಐತೆ," ಎಂದು ಭಾವ ಹಲ್ಲಿಲ್ಲದ ಜಾಗದಿಂದ ನಕ್ಕರು. (ಉಸಿರಿಲ್ಲದವನಿಂದ ಪಡೆದ ಪ್ರಮಾಣ ಕಾನೂನಿನ ಪ್ರಕಾರ ಊರ್ಜಿತವೇ? ಬಲ್ಲವರು ತಿಳಿಸಬೇಕು.)

ಆಟ ಬಿಟ್ಟುಬಿಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಸ್ವಾಮಿ, ಬ್ಯಾಂಕಿನಿಂದ ಸ್ವಯಂನಿವೃತ್ತಿ ಪಡೆದ ಐವತ್ತೆರಡು ವರ್ಷದ ಇಂದುಧರ ಎಂಬ ನನ್ನನ್ನು ಮನೆಯಲ್ಲಿ 'ಏನ್ರೀ' ಎನ್ನುತ್ತಾರೆ. ಬೀದಿಯಲ್ಲಿ 'ಹೇಮಾ ಮೇಡಂ ಮನೆಯೋರು' ಎನ್ನುತ್ತಾರೆ. ಇಡೀ ಭೂಮಂಡಲದಲ್ಲಿ ನನ್ನನ್ನು 'ನಾಯಕರೇ' ಎಂದು ಕರೆಯುವವರು ಮೂವರೇ ಮೂವರು: ದಾವಣಗೆರೆಯವನೊಬ್ಬ, ತಿಪಟೂರಿನವನೊಬ್ಬ, ಚಿಂತಾಮಣಿಯವನೊಬ್ಬ. ಮುಖ ಕಂಡವರಲ್ಲ, ಹೆಡ್‌ಫೋನಿನಲ್ಲಿ ದನಿ ಕೇಳಿದವರು. ನಮ್ಮ ತಂಡದ ಹೆಸರು 'ಹೊಯ್ಸಳ ಪಡೆ'. ಹಳೇಬೀಡಿನ ಪಕ್ಕದ ಮಾದಿಹಳ್ಳಿಯವರ ಅಳಿಯ ಬೇರೆ ಯಾವ ಹೆಸರಿಟ್ಟಾನು? ಶತ್ರು ಕಂಡೊಡನೆ 'ಹೊಯ್!' ಎನ್ನಬೇಕೆಂಬ ಶಿಸ್ತನ್ನೂ ಇತಿಹಾಸದಿಂದಲೇ ಎತ್ತಿ ತಂದು ರೂಢಿಸಿದ್ದೆ. ಬರುವ ಭಾನುವಾರ ಸಂಜೆ ಐದಕ್ಕೆ ಫೈನಲ್ ಇತ್ತು. ಸೈನ್ಯವನ್ನು ನಡುನೀರಿನಲ್ಲಿ ಬಿಟ್ಟು ಮಾವನವರ ಬಾಲ್ಯವನ್ನು ಟೈಪಿಸಲು ನನ್ನ ಕ್ಷಾತ್ರ ಒಪ್ಪಲಿಲ್ಲ.

ಆದರೆ ಕೀಬೋರ್ಡು ಹೊಸದು ಬೇಕಿತ್ತು. ಆಟಕ್ಕೂ ಆಗಬೇಕು, ದಿನಬಳಕೆಗೂ ಆಗಬೇಕು; ಆಟಕ್ಕಾಗುತ್ತದೆ ಎಂದು ಹೇಮಾಶ್ರೀಗೆ ತಿಳಿಯಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಸದ್ದು ಮಾಡಬಾರದು. ಏಕೆಂದರೆ ನನ್ನ ಹೆಂಡತಿಯ ಕಿವಿ ಸಾಮಾನ್ಯ ಕಿವಿಯಲ್ಲ. ಅವಳು ಕೊಬ್ಬರಿ ಮನೆತನದವಳು. ಅಟ್ಟದ ಮೇಲೆ ವರ್ಷಗಟ್ಟಲೆ ಒಣಗಿದ ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ನೀರಿದೆಯೋ, ತಿರುಳು ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗಿದೆಯೋ ಎಂದು ಹೇಳುವುದು ಅವರ ವಂಶದ ವಿದ್ಯೆ. ಗಡಗಡ ಎಂದರೆ ಬಲಿತಿದೆ, ಮೌನವಾಗಿದ್ದರೆ ನಂಬುವಂತಿಲ್ಲ. ಅಟ್ಟದ ಮೇಲೆ ಆಳು ಅಲ್ಲಾಡಿಸಿದ ಕಾಯಿಯನ್ನು ಕೆಳಗೆ ರೊಟ್ಟಿ ತಟ್ಟುತ್ತಲೇ ತೀರ್ಮಾನಿಸುತ್ತಿದ್ದಳಂತೆ. ಅಂಥ ಕಿವಿಯ ಕೆಳಗೆ ನಾನು ಯುದ್ಧ ಮಾಡಬೇಕು!

ಒಬ್ಬನೇ ಹೋಗಿ ತರುವ ನನ್ನ ಹೂಟ ಗೇಟಿನಲ್ಲೇ ಕೆಟ್ಟಿತು. "ನಾನೂ ಬರ್ತೀನಿ ಇರಿ," ಎಂದು ಅವಳು ಚಪ್ಪಲಿ ಮೆಟ್ಟಿದಳು.

ಬಿ.ಎಚ್. ರಸ್ತೆಯ ಕಂಪ್ಯೂಟರ್ ಅಂಗಡಿಯ ಲಕ್ಷ್ಮೀಶನಿಗೆ ನನ್ನ ಸಕಲ ರಹಸ್ಯಗಳೂ ಗೊತ್ತು. ಹೆಡ್‌ಫೋನು ಕೊಟ್ಟವನೇ ಅವನು. ನನ್ನನ್ನು ಕಂಡೊಡನೆ ಮುಖವರಳಿಸಿ, "ಬನ್ನಿ ಸಾರ್, ಭಾನುವಾರಕ್ಕೆ ಎಲ್ಲಾ ರೆಡೀನಾ?" ಎಂದ.

ಕೆಮ್ಮಿದೆ. ಕ್ಷಯರೋಗಿ ನಾಚುವಂತೆ ಕೆಮ್ಮಿದೆ.

"ಭಾನುವಾರ ಏನಿದೆ?" ಎಂದಳು ಹೇಮಾಶ್ರೀ.

"ರಜಾ ಮೇಡಂ," ಎಂದ ಪುಣ್ಯಾತ್ಮ.

ಅವನು ಮೂರು ಕೀಬೋರ್ಡುಗಳನ್ನು ಗಾಜಿನ ಮೇಲೆ ಸಾಲಾಗಿ ಮಲಗಿಸಿದ. "ಇದು ಬ್ಲೂ ಸ್ವಿಚ್ಚಿಂದು, ಒತ್ತಿದ್ರೆ ಟಕ್ ಅನ್ನುತ್ತೆ. ಇದು ರೆಡ್ಡು, ಬೆಣ್ಣೆ ಥರ, ಸದ್ದೇ ಇಲ್ಲ. ಇದು ಬ್ರೌನು, ಎರಡರ ಮಧ್ಯ."

"ರೆಡ್ಡೇ ಇರಲಿ," ಎಂದೆ, ಆದಷ್ಟೂ ವೈರಾಗ್ಯದಿಂದ. ಬಾಲ್ಯದಲ್ಲಿ ಹತ್ತು ವರ್ಷ ಕಾನ್ವೆಂಟಿನ 'ಸೈಲೆನ್ಸ್' ಎಂಬ ಬೋರ್ಡಿನ ಕೆಳಗೆ ಬೆಳೆದ ನನಗೆ ಈಗ ಅದೇ ಗುಣದ ಕೀಬೋರ್ಡು ದೊರೆಯುವುದರಲ್ಲಿತ್ತು.

"ನೀವು ಸುಮ್ನಿರಿ." ಹೇಮಾಶ್ರೀ ರೆಡ್ಡನ್ನು ಎತ್ತಿ ಕಿವಿಯ ಬಳಿ ಹಿಡಿದು ಅಲ್ಲಾಡಿಸಿದಳು. ಬೆನ್ನಿಗೆ ಬೆರಳ ಗೆಣ್ಣಿನಿಂದ ಎರಡು ಕುಟ್ಟಿದಳು.

"ಮೇಡಂ, ಅದು ತೆಂಗಿನಕಾಯಲ್ಲ," ಎಂದು ಲಕ್ಷ್ಮೀಶ ಗಾಬರಿಯಾದ.

"ಗೊತ್ತಪ್ಪಾ. ಕಾಯಾಗಿದ್ರೆ ಇಷ್ಟು ಹೊತ್ತು ಹಿಡೀತಿರ್ಲಿಲ್ಲ." ರೆಡ್ಡನ್ನು ಕೆಳಗಿಟ್ಟಳು. "ಇದು ಎಳಸು." ಬ್ರೌನನ್ನು ಕುಟ್ಟಿದಳು. "ಇದು ಅಟ್ಟದ ಮೇಲೆ ಇನ್ನೆರಡು ತಿಂಗಳು ಇರ್ಬೇಕಿತ್ತು." ಬ್ಲೂ ಎತ್ತಿದಳು. ಅಲ್ಲಾಡಿಸಿದರೆ ನೂರಾ ನಾಲ್ಕು ಕೀಗಳೂ ಒಟ್ಟಿಗೆ ಗಡಗಡ ಎಂದವು. ಒಂದು ಕೀ ಒತ್ತಿದಳು. ಎದುರಿನ ಬೇಕರಿಯವನು ತಿರುಗಿ ನೋಡಿದ.

"ಇದು ಬಲಿತಿದೆ. ಇದನ್ನೇ ಕೊಡಿ."

"ತಲೆನೋವು ಬರತ್ತೆ ಕಣೇ, ಆ ಸದ್ದಿಗೆ."

"ಬರ್ಲಿ ಬಿಡಿ. ನಾನು ಒಲೆ ಮುಂದೆ ಇದ್ರೂ ನಮ್ಮಪ್ಪನ ಪುಸ್ತಕ ಬರೀತಿದೀರೋ ಇಲ್ವೋ ಅಂತ ಕೇಳ್ಬೇಕಲ್ಲ."

ಹೀಗೆ ನನ್ನ ಹಣೆಗೆ, ಅಲ್ಲ, ನನ್ನ ಮೇಜಿಗೆ ಡಂಗುರ ಬಂತು. ಆ ರಾತ್ರಿ ಮಲಗಿದಾಗ ಹಣೆಬರಹವೂ ಟಕಟಕ ಎಂದೇ ಕೇಳಿಸಿತು.

ಗುರುವಾರ ಬೆಳಿಗ್ಗೆ ಹಾಲು ತರುವ ನೆಪದಲ್ಲಿ ಕೀಬೋರ್ಡನ್ನು ಚೀಲದಲ್ಲಿಟ್ಟುಕೊಂಡು ಲಕ್ಷ್ಮೀಶನಲ್ಲಿಗೆ ಓಡಿದೆ. ಅವನು ಎಲ್ಲ ಕೇಳಿ, ದಂತವೈದ್ಯನಂತೆ ಒಂದು ಚಿಮಟ ಹೊರತೆಗೆದ. "ಇದ್ರಲ್ಲಿ ಒಂದೊಂದು ಕೀ ಕೆಳಗಿನ ಸ್ವಿಚ್ಚನ್ನೂ ಕಿತ್ತು ಬೇರೆ ಹಾಕ್ಬಹುದು ಸಾರ್. ಆಟಕ್ಕೆ ಬೇಕಾಗಿರೋದು ಎಡಗೈ ಕೆಳಗಿನ ನಾಲ್ಕೇ ತಾನೆ? ಆ ನಾಲ್ಕಕ್ಕೆ ಸದ್ದಿಲ್ಲದ್ದು ಹಾಕ್ತೀನಿ. ಮಿಕ್ಕಿದ್ದು ಬಡ್ಕೊಳ್ಲಿ."

ನಾನು ಅವನ ಕೈ ಹಿಡಿದುಕೊಂಡೆ. ನನ್ನ ಪಾಲಿಗೆ ಮೌನವ್ರತಧಾರಿಗಳಾದ ನಾಲ್ಕು ಕೀ ದೊರೆತವು. ಉಳಿದ ನೂರು ಮಾವನವರ ಸೇವೆಗೆ ಮೀಸಲಾದವು.

ಆ ಸಂಜೆ ಹೆಡ್‌ಫೋನು ಧರಿಸಿ ಕುಳಿತೆ. (ಅದನ್ನು ಧರಿಸಿದರೆ ಪ್ರಳಯವಾದರೂ ಕೇಳಿಸದು. ಮಾವನವರ ಹಳೆಯ ಭಾಷಣಗಳನ್ನು ಕೇಳಿ ಬರೆದುಕೊಳ್ಳುತ್ತಿದ್ದೇನೆಂದು ಹೇಳಿದ್ದೆ.) ನಾಲ್ಕು ಕೀಗಳು ಬೆಕ್ಕಿನ ಪಾದಗಳಂತೆ ಓಡಿದವು. ಹತ್ತು ನಿಮಿಷ ಕಳೆಯಿತು. ಆಗ ಹೊಳೆಯಿತು: ಮೌನವಾಗಿದ್ದರೆ ನಂಬುವಂತಿಲ್ಲ! ಅಡುಗೆಮನೆಯಲ್ಲಿ ಅವರೆಕಾಳು ಬಿಡಿಸುತ್ತಿರುವ ಆ ಕಿವಿಗೆ ಹತ್ತು ನಿಮಿಷದಿಂದ ಒಂದು ಟಕ್ಕೂ ತಲುಪಿಲ್ಲ!

ತಕ್ಷಣ ಒಂದು ಬಂಡೆಯ ಹಿಂದೆ ಅಡಗಿ, ಬಲಿತ ಕೀಗಳ ಮೇಲೆ ಮಾವನವರ ಚರಿತ್ರೆಯನ್ನು ಕುಟ್ಟತೊಡಗಿದೆ. ಟಕಟಕಟಕ. ಮತ್ತೆ ಎದ್ದು ಓಡಿದೆ. ಮತ್ತೆ ಅಡಗಿ ಟಕಟಕ. ಒಂದು ಕಣ್ಣು ಶತ್ರುವಿನ ಮೇಲೆ, ಇನ್ನೊಂದು ಅಡುಗೆಮನೆಯ ಬಾಗಿಲಿನ ಮೇಲೆ. ಆದರೆ ಪುಸ್ತಕದ ಪುಟ ತೆರೆಯಲು ಪುರುಸೊತ್ತೆಲ್ಲಿ? ನಾನು ಕುಟ್ಟಿದ್ದೆಲ್ಲ ಆಟದ ನಡುವೆ ಆಟಗಾರರು ಮಾತಾಡಿಕೊಳ್ಳುವ ಪಟ್ಟಿಗೆ ಹೋಗಿ, ಶತ್ರುಗಳೂ ಸೇರಿ ಎಲ್ಲರ ಪರದೆಯ ಮೇಲೂ ಮೂಡುತ್ತಿತ್ತು. 'ಮಾವನವರು ಬಾಲ್ಯದಲ್ಲೇ ತಾಯಿಯನ್ನು ಕಳೆದುಕೊಂಡರು.' ಎದುರಾಳಿಯೊಬ್ಬ ಗುಂಡು ಹಾರಿಸುವುದನ್ನು ನಿಲ್ಲಿಸಿದ. 'ಹದಿನೆಂಟನೆಯ ವಯಸ್ಸಿಗೆ ಎರಡು ಎತ್ತಿನ ಗಾಡಿಯಲ್ಲಿ ಕೊಬ್ಬರಿ ವ್ಯಾಪಾರ ಆರಂಭಿಸಿದರು.' ಶನಿವಾರದ ಹೊತ್ತಿಗೆ ಶತ್ರುಪಾಳಯದಿಂದಲೇ ಪ್ರಶ್ನೆ ಬಂತು: 'ಸಾರ್, ಆಮೇಲೆ ಗಾಡಿ ಏನಾಯ್ತು?'

ಆ ಮೂರು ದಿನ ಹೇಮಾಶ್ರೀ ಪುಸ್ತಕ ಎಲ್ಲಿಗೆ ಬಂತೆಂದು ಕೇಳಲೇ ಇಲ್ಲ. ಅದೇ ನನಗೆ ಭಯ. ಏಳು ಗಂಟೆಗೆ ನಾನು ಹೆಡ್‌ಫೋನು ತೆಗೆದ ಕೂಡಲೇ ಬಿಸಿ ಬಿಸಿ ಮೆಣಸಿನ ಕಷಾಯದ ಲೋಟ ತಂದಿಟ್ಟು, "ಕುಡೀರಿ," ಎಂದಷ್ಟೇ ಹೇಳಿ ಹೋಗುತ್ತಿದ್ದಳು. ತಂದೆಯ ಚರಿತ್ರೆ ಬರೆಯುವ ಗಂಡನ ಮೇಲೆ ಎಂಥ ಅಕ್ಕರೆ! ನನ್ನ ಮನಸ್ಸಾಕ್ಷಿ ಚುಚ್ಚಿತು. (ಕಷಾಯ ಗಂಟಲಿಗೆ ಹಿತವಾಗಿತ್ತು ಎಂಬುದೂ ನಿಜ.)

ಶನಿವಾರ ಸಂಜೆ ಪಕ್ಕದ ಮನೆಯ ನಿವೃತ್ತ ರೈಲ್ವೆ ಗಾರ್ಡ್ ಲಕ್ಕಪ್ಪನವರು ಕಾಂಪೌಂಡಿನಾಚೆಯಿಂದ ಕತ್ತು ಚಾಚಿದರು.

"ಏನ್ ಸಾರ್, ನಿಮ್ ಹಿತ್ಲಿಗೆ ದನ ನುಗ್ತಾವಾ?"

"ಇಲ್ಲವಲ್ಲ. ಯಾಕೆ?"

"ಏನಿಲ್ಲ, ಸುಮ್ನೆ ಕೇಳ್ದೆ," ಎಂದು ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಒಳಗೆ ಹೋದರು. ನಿವೃತ್ತಿಯ ನಂತರ ಕೆಲವರಿಗೆ ಹೀಗಾಗುತ್ತದೆ, ಪಾಪ, ಎಂದುಕೊಂಡೆ.

ಭಾನುವಾರ ಐದು ಗಂಟೆ. ನನ್ನ ಪಡೆಯ ಮೂವರೂ ಅರ್ಧ ಗಂಟೆಯಲ್ಲಿ ವೀರಸ್ವರ್ಗ ಸೇರಿದರು. ಉಳಿದವನು ನಾನು, ಎದುರು ಒಬ್ಬನೇ ಶತ್ರು, ನಡುವೆ ಒಂದು ಬಂಡೆ. "ನಾಯಕರೇ, ಎಲ್ಲಾ ನಿಮ್ ಕೈಲಿದೆ," ಎಂದಿತು ದಾವಣಗೆರೆ. ಆ ಕ್ಷಣದಲ್ಲೂ ಕರ್ತವ್ಯ ಮರೆಯದೆ ಟಕಟಕಟಕ ಎಂದು ಮಾವನವರ ಮದುವೆಯ ಸಾಲೊಂದನ್ನು ಕುಟ್ಟಿದೆ. ಶತ್ರು ಓದಲು ನಿಂತ. ಇದೇ ಸಮಯ! ಬಂಡೆಯಿಂದ ಜಿಗಿದೆ...

ಕಿವಿಗಳ ಮೇಲಿನ ಹೆಡ್‌ಫೋನು ತಾನಾಗಿ ಮೇಲೆದ್ದು ಹೋಯಿತು.

ತಿರುಗಿದೆ. ಹೆಡ್‌ಫೋನು ಹೇಮಾಶ್ರೀಯ ಕೈಯಲ್ಲಿತ್ತು. ಅವಳ ಹಿಂದೆ ಹೊಸ ಹಲ್ಲಿನ ಷಡಕ್ಷರಪ್ಪನವರು, ತೋಳಿನ ಮೇಲೆ ಎರಡು ಗೋಣಿಚೀಲ, ಒಂದು ಹಳೆಯ ಕಂಬಳಿ. ಗೇಟಿನ ಹೊರಗೆ ಗೂಡ್ಸ್ ಆಟೋ ಗುರುಗುಡುತ್ತಿತ್ತು. ಪರದೆಯ ಮೇಲೆ ನನ್ನ ಹೆಣ ಮತ್ತೆ ಅಂಗಾತ.

"ಭಾವನೋರೇ, ವಸಿ ಈ ಕಡೆ ಬನ್ನಿ. ವೈರು ಬಿಚ್ಬೇಕು," ಎಂದರು ಷಡಕ್ಷರಪ್ಪನವರು, ತುಂಬ ವಿನಯದಿಂದ.

"ಇದು ನಿಮ್ಮಪ್ಪನ ಪುಸ್ತಕದ..."

"ಮಾಲೇಕಲ್ಲಿನ ಕಡೆ ತಿರುಗಿ ಹೇಳಿ," ಎಂದಳು ಹೇಮಾಶ್ರೀ.

ನಾನು ಅರಸೀಕೆರೆಯಲ್ಲಿ ಯಾವ ಕಡೆಗೂ ತಿರುಗಲಾರದವನಾಗಿ ನಿಂತೆ. ಭಾವ ಪರದೆಗೆ ಕಂಬಳಿ ಹೊದಿಸಿದರು, ಹಸುಗೂಸಿಗೆ ಹೊದಿಸುವ ಹಾಗೆ. ಪೆಟ್ಟಿಗೆ ಗೋಣಿಚೀಲ ಸೇರಿತು. ಕಡೆಗೆ ಕೀಬೋರ್ಡನ್ನು ಎತ್ತಿ, ಅವರೂ ಅದೇ ವಂಶದವರಲ್ಲವೇ, ಕಿವಿಯ ಹತ್ತಿರ ಅಲ್ಲಾಡಿಸಿ, "ಚೆನ್ನಾಗಿ ಬಲ್ತೈತೆ ಕಣವ್ವಾ," ಎಂದು ಮೆಚ್ಚಿದರು. ಆಟೋ ಹೊರಟಿತು. ಮೇಜಿನ ಮೇಲೆ ಧೂಳಿನ ಚೌಕಟ್ಟೊಂದು ಉಳಿಯಿತು.

ಸೋತವನಿಗೂ ಒಂದು ಮರ್ಯಾದೆ ಇದೆ. ಯಾವ ಅಸ್ತ್ರದಿಂದ ಸೋತೆ ಎಂದು ತಿಳಿಯುವ ಹಕ್ಕಿದೆ. ನಾಲ್ಕು ಕೀಗಳನ್ನು ಮೂಕ ಮಾಡಿದ್ದೆ, ನೂರನ್ನು ಮಾತಾಡಿಸಿದ್ದೆ. ಎಲ್ಲಿ ತಪ್ಪಿತು? ಟಕಟಕದ ಲಯದಲ್ಲೇ? ಎರಡು ಪದಗಳ ನಡುವಿನ ಬಿಡುವಿನಲ್ಲೇ? ಕೊಬ್ಬರಿ ವಂಶದ ಆ ಕಿವಿಗೆ ಮನಸ್ಸಿನಲ್ಲೇ ಕೈ ಮುಗಿದು ಕೇಳಿದೆ:

"ಒಂದು ಮಾತು ಹೇಳು ಹೇಮಾ. ಅಡುಗೆಮನೆಯಲ್ಲಿ ಕೂತು, ಕೀಬೋರ್ಡಿನ ಸದ್ದಿನಲ್ಲಿ ಆಟ ಯಾವುದು, ಬರವಣಿಗೆ ಯಾವುದು ಅಂತ ಹೇಗೆ ಕಂಡುಹಿಡಿದೆ?"

ಅವಳು ಕಷಾಯದ ಲೋಟವನ್ನು ಖಾಲಿ ಮೇಜಿನ ಮೇಲಿಟ್ಟಳು.

"ಕೀಬೋರ್ಡಾ? ಅದರ ಸದ್ದು ನಂಗೆ ಒಂದ್ ದಿನಾನೂ ಕೇಳ್ಸಿಲ್ಲ ಕಣ್ರೀ. ನೀವು ಕಿವಿ ಮುಚ್ಕೊಂಡು ದಿನಾ ಸಂಜೆ ಎರಡು ಗಂಟೆ 'ಹೊಯ್! ಹೊಯ್! ಬಂಡೆ ಹಿಂದೆ ಅವ್ನೆ, ಹೊಯ್!' ಅಂತ ಬೀದಿ ಕಿತ್ತೋಗೋ ಹಾಗೆ ಕಿರುಚ್ತಿದ್ರೆ, ಅದೆಲ್ಲಿಂದ ಕೇಳ್ಸುತ್ತೆ?"